ನೆಲಮಾಳಿಗೆಯಿಂದ ಬಿಸಿಲಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ತಾರಸಿಯಲ್ಲಿ ಅಗಲವಾದ ಮಣೆಯೊಂದರ ಮೇಲೆ ನಿಂತು, ಎಲ್ಲರೂ 'ಬಟ್ಟೆ ಅಕ್ಕ' ಅಂತಲೇ ಕರೆಯುವ ಹೆಂಗಸು ಒಗೆದ ಚಾದರಗಳನ್ನು ತಂತಿಗೆ ಹಾಕುತ್ತಿದ್ದಾರೆ. ಬೆನ್ನುಮೂಳೆ ಕುಸಿದು ಅವರ ಎತ್ತರ ನಾಲ್ಕು ಬೆರಳಿನಷ್ಟು ಕಮ್ಮಿಯಾಗಿದೆ. "ತಂತಿ ಮೇಲೆ ಹೋಗಿಲ್ಲ, ನಾನೇ ಕೆಳಗೆ ಇಳಿದಿದೀನಿ," ಅಂತ ನಗುತ್ತಾರೆ.

ಗಂಡ ತೀರಿಕೊಂಡ ಮೇಲೆ ಅವರು ಸೇರಿದ್ದು ಇದೇ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಗೆ. ಕಿಟಕಿಯಿಲ್ಲದ ಕೋಣೆ, ಸದಾ ಉರಿಯುವ ಟ್ಯೂಬ್‌ಲೈಟು, ಬಿಸಿ ಆವಿ. ಕತ್ತಲಿರುವಾಗಲೇ ಒಳಗೆ, ಕತ್ತಲಾದ ಮೇಲೆ ಹೊರಗೆ. ಇಪ್ಪತ್ತು ವರ್ಷ ಹೀಗೇ ಕಳೆಯಿತು. ಜೊತೆಗೆ ಐದು ಜನ ಹೆಂಗಸರಿದ್ದರು. "ಮಷೀನಿಗಿಂತ ನಮ್ಮ ಗದ್ದಲವೇ ಜೋರು," ಅಂತ ನೆನೆಯುತ್ತಾರೆ.

ಮೊದಲು ಸುಸ್ತು. ಆಮೇಲೆ ಸೊಂಟ, ಪಕ್ಕೆ, ಕಾಲು, ಹೀಗೆ ಮೈಯೆಲ್ಲ ನೋವು. ಲಾಂಡ್ರಿಯ ಮೇಸ್ತ್ರಿ ಮೈಗಳ್ಳತನ ಅಂದ. ದೂರದಲ್ಲಿರುವ ತಂಗಿ ಫೋನಿನಲ್ಲಿ, "ವಯಸ್ಸಾಯ್ತಲ್ಲ ಅಕ್ಕಾ," ಅಂದಳು. ಒಂದು ದಿನ ಒದ್ದೆ ಬಟ್ಟೆಯ ಬುಟ್ಟಿ ಎತ್ತುವಾಗ ತೊಡೆ ಮೂಳೆ ಲಟಕ್ಕೆಂದು ಮುರಿಯಿತು. ಬಿದ್ದಿರಲಿಲ್ಲ, ಎಲ್ಲೂ ತಗುಲಿರಲಿಲ್ಲ.

ಮೂಳೆ ಕೂಡಿಸಿದ ಡಾಕ್ಟರಮ್ಮನಿಗೆ ಅನುಮಾನ ಬಂತು. ರಕ್ತ ಪರೀಕ್ಷೆ ಮಾಡಿಸಿದರೆ ಕ್ಯಾಲ್ಸಿಯಂ ಮಿತಿಮೀರಿತ್ತು, ವಿಟಮಿನ್ ಡಿ ತಳ ಕಂಡಿತ್ತು. ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದೆ ಅಕ್ಕಿಕಾಳಿನಷ್ಟು ಸಣ್ಣ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಅವುಗಳಲ್ಲೊಂದು ಊದಿಕೊಂಡು, ಮೂಳೆಯಲ್ಲಿದ್ದ ಕ್ಯಾಲ್ಸಿಯಂ ಅನ್ನು ಎಳೆದೆಳೆದು ರಕ್ತಕ್ಕೆ ಸುರಿಯುತ್ತಿತ್ತು. ವಿಟಮಿನ್ ಡಿ ಇಲ್ಲದ ಮೈಯಲ್ಲಿ ಅದರ ಹಾವಳಿಗೆ ಲಂಗುಲಗಾಮೇ ಇರಲಿಲ್ಲ.

"ಬಿಸಿಲಿಗೆ ಹೋಗೋದೇ ಇಲ್ವಾ ನೀವು?" ಡಾಕ್ಟರಮ್ಮ ಕೇಳಿದರು.

"ವಾರಕ್ಕೊಂದು ರಜೆ ಡಾಕ್ಟರಮ್ಮ. ಅವತ್ತು ಸತ್ತ ಹಾಗೆ ಮಲಗಿಬಿಡ್ತೀನಿ."

ಆಪರೇಷನ್ ಮಾಡಿ ಆ ಗ್ರಂಥಿ ತೆಗೆದ ಮೇಲೆ ಹಸಿದ ಮೂಳೆಗಳು ಕ್ಯಾಲ್ಸಿಯಂ ಹೀರತೊಡಗಿ, ತುಟಿ, ಬೆರಳೆಲ್ಲ ಜುಮುಗುಟ್ಟಿದವು. ಡ್ರಿಪ್ಪು ಹಾಕಿ ಮಲಗಿಸಿದರು. ಅಕ್ಕಪಕ್ಕದ ಹಾಸಿಗೆಗಳ ಸುತ್ತ ನೆಂಟರು ನೆರೆಯುತ್ತಿದ್ದರು. ಇವರ ಬಳಿಯ ಸ್ಟೂಲು ಖಾಲಿ. "ಅವರೆಲ್ಲ ಮಲಗಿದ್ದು ನಾನು ಒಗೆದ ಚಾದರದ ಮೇಲೇ. ಯಾರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ."

ಕೋಲೂರಿಕೊಂಡು ಕೆಲಸಕ್ಕೆ ಬಂದಾಗ ಮೇಸ್ತ್ರಿ, "ಭಾರ ಎತ್ತೋಕಾಗಲ್ಲ ನಿಮಗೆ, ಮನೇಲಿರಿ," ಅಂದ.

"ಮನೇಲಿ ಗೋಡೆ ಜೊತೆ ಮಾತಾಡ್ಲಾ? ಒಣಗಿಸೋ ಕೆಲಸ ಕೊಡಪ್ಪ. ಒಂದೊಂದೇ ಹಾಕ್ತೀನಿ."

ಡಾಕ್ಟರಮ್ಮನೂ ಒಂದು ಮಾತು ಹೇಳಿದರು. ತಾರಸಿ ಸಿಕ್ಕಿತು.

ಈಗ ಕೋಲಿಲ್ಲದೆ ನಡೆಯುತ್ತಾರೆ. ಬಿಸಿಲೊಂದೇ ಸಾಲದು, ಮಾತ್ರೆಗಳು ನಡೆದೇ ಇವೆ. ಮೂಳೆ ನಿಧಾನಕ್ಕೆ ಗಟ್ಟಿಯಾಗುತ್ತಿದೆ. ನೆಲಮಾಳಿಗೆಯ ಆ ಐವರ ಬೆನ್ನುಹತ್ತಿ ಅವರಿಗೂ ರಕ್ತ ಪರೀಕ್ಷೆ ಮಾಡಿಸಿದ್ದು ಬಟ್ಟೆ ಅಕ್ಕನೇ. ನಾಲ್ವರಲ್ಲಿ ವಿಟಮಿನ್ ಡಿ ಕೊರತೆಯಿತ್ತು, ಅವರಿಗೂ ಔಷಧಿ ಶುರುವಾಗಿದೆ. ಊಟದ ಡಬ್ಬಿ ಹಿಡಿದು ಮೇಲೆ ಬಿಸಿಲಿಗೆ ಬನ್ನಿ ಅಂತ ಬಟ್ಟೆ ಅಕ್ಕ ಕರೆದರು. ಎರಡು ದಿನ ಬಂದರು. ಆಮೇಲೆ ಮೆಟ್ಟಿಲು ಜಾಸ್ತಿ, ಬಿಡುವು ಕಮ್ಮಿ ಅಂದರು. ಈಗ ಒದ್ದೆ ಬಟ್ಟೆಯ ಬುಟ್ಟಿ ತಂದಿಟ್ಟವರು ನಿಲ್ಲದೆ ಇಳಿದು ಹೋಗುತ್ತಾರೆ. ಗಾಳಿಗೆ ಚಾದರ ಪಟಪಟ ಬಡಿದುಕೊಳ್ಳುವುದಷ್ಟೇ ಸದ್ದು.

ಏನಾದರೂ ಬೇಕೆನಿಸುತ್ತದೆಯೇ ಅಂತ ಕೇಳಿದರೆ, ಬಟ್ಟೆ ಅಕ್ಕ ಕ್ಲಿಪ್ಪು ಸಿಕ್ಕಿಸುತ್ತಲೇ ಯೋಚಿಸುತ್ತಾರೆ.

"ಚಾದರದ ಇನ್ನೊಂದು ತುದಿ ಹಿಡ್ಕೊಳ್ಳೋಕೆ ಯಾರಾದ್ರೂ ಇದ್ರೆ ಚೆನ್ನಾಗಿರ್ತಿತ್ತು. ಭಾರ ಅಂತಲ್ಲ. ಆ ಕಡೆಯಿಂದ ಒಂದು ಮಾತು ಬರ್ತಿತ್ತಲ್ಲ."