ಅವಳ ಮೇಲ್, ಅವನ ಮೊಬೈಲ್

“ಕೋಡ್ ಎಂತಕ್ಕೆ ನಿಂಗೆ? ಎಂತ ಬಂದುಂಟು ಅದ್ರಲ್ಲಿ?”

ಪ್ರಶ್ನೆ ಗಂಡನದು. ಮೇಲ್ ಹೆಂಡತಿಯದು. ಕಳೆದ ಶನಿವಾರ ಠಾಕುರ್ಲಿಯ ನಮ್ಮ ಮನೆಯ ಕಂಪ್ಯೂಟರಿನೆದುರು ಕುಳಿತು, ಮೇಲಿನ ಮಹಡಿಯ ವಸಂತಿ ಫೋನಿನಲ್ಲಿ ಇದಕ್ಕೆ ಉತ್ತರ ಕೊಡಬೇಕಾಗಿ ಬಂತು. ಕೋಪರಖೈರಣೆಯ ಶಾಲೆಯೊಂದು ಆಕೆಯನ್ನು ಶಿಕ್ಷಕಿಯ ಹುದ್ದೆಯ ಇಂಟರ್‌ವ್ಯೂಗೆ ಕರೆದಿತ್ತು. ವಿವರ ಮೇಲ್‌ನಲ್ಲಿದೆ, ಮಧ್ಯಾಹ್ನದೊಳಗೆ ಒಪ್ಪಿಗೆ ಕಳಿಸದಿದ್ದರೆ ಬೇರೆಯವರನ್ನು ಕರೆಯುತ್ತೇವೆ ಎಂದು ಶಾಲೆಯವರು ಫೋನ್ ಮಾಡಿ ಹೇಳಿದ್ದರು.

ಅವರ ಕಂಪ್ಯೂಟರ್ ಕೆಟ್ಟಿತ್ತು. ನಮ್ಮದರಲ್ಲಿ ಪಾಸ್‌ವರ್ಡ್ ಒತ್ತಿದರೆ, ಹೊಸ ಯಂತ್ರವೆಂದು ಎರಡನೆಯ ಗುರುತು ಕೇಳಿತು: ಮೊಬೈಲಿಗೆ ಕಳಿಸಿದ ಆರಂಕಿಯ ಕೋಡ್. ಯಾರ ಮೊಬೈಲಿಗೆ? ವಾಶಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿರುವ ಪತಿ ಸುಧಾಕರರ ಮೊಬೈಲಿಗೆ! (“ಸೇಫ್ಟಿಗೆ” ಎಂದು ಆತನೇ ಜೋಡಿಸಿಕೊಟ್ಟದ್ದಂತೆ.)

“ಇಂಟರ್‌ವ್ಯೂದು ಮಾರಾಯ್ರೆ, ಬೇಗ ಹೇಳಿ.”

“ಈಗ ಕೆಲಸ ಎಂತಕ್ಕೆ? ಠಾಣೆ ಸ್ಟೇಷನ್ನಲ್ಲಿ ಟ್ರೇನ್ ಚೇಂಜ್ ಮಾಡ್ಲಿಕ್ಕುಂಟು. ಆ ರಶ್ಶಲ್ಲಿ ಹತ್ತಿ ಗೊತ್ತುಂಟಾ? ರಾತ್ರಿ ಬಂದು ನಾನೇ ಓಪನ್ ಮಾಡ್ತೇನೆ.”

“ರಾತ್ರಿವರೆಗೆ ಶಾಲೆಯವ್ರು ನಿಮ್ಗೋಸ್ಕರ ಬಾಗಿಲು ತೆಗೆದಿಡ್ತಾರಾ?”

“ಸರ್ ಇದ್ದಾರಾ? ಅವ್ರಿಗೆ ಕೊಡು.”

ಫೋನ್ ನನ್ನ ಕೈಗೆ ಬಂತು. “ಸರ್, ಕೋಡ್ ನಿಮ್ಗೆ ಹೇಳ್ತೇನೆ. ಎಂತ ಉಂಟು ನೀವೇ ನೋಡಿ. ಅವಳಿಗೆ ಮಾತ್ರ ಕೊಡ್ಬೇಡಿ, ಆಯ್ತಾ?”

‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಎಂದು ಇಂಥ ಸಂದೇಶದಲ್ಲೇ ಎಚ್ಚರಿಸಿರುತ್ತಾರೆ. ಈ ಮಹಾಶಯರು ಅದನ್ನು ನೆರೆಮನೆಯ ಗಂಡಸಿಗೆ ಹೇಳಬಲ್ಲರು, ಖಾತೆಯ ಒಡತಿಗೆ ಹೇಳಲಾರರು! ನಾನು ಅಂಕಿಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಪುನರುಚ್ಚರಿಸಿದೆ. ವಸಂತಿಯ ಬೆರಳುಗಳು ಅಷ್ಟೇ ವೇಗದಲ್ಲಿ ಒತ್ತಿದವು. (ವಿಶ್ವಾಸದ್ರೋಹವೇ? ಇರಲಿ.)

ಮೇಲ್ ತೆರೆಯಿತು. ಒಪ್ಪಿಗೆ ಹೋಯಿತು.

ಎರಡು ಹಂತದ ಈ ರಕ್ಷಣೆ ಉತ್ತಮ ವ್ಯವಸ್ಥೆ. ಪಾಸ್‌ವರ್ಡ್ ಕದ್ದವನೂ ನಿಮ್ಮ ಫೋನ್ ಕೈಯಲ್ಲಿಲ್ಲದೆ ಒಳನುಗ್ಗಲಾರ. ಎಲ್ಲರೂ ಬಳಸಬೇಕು. ಆದರೆ ನಮ್ಮ ಕಟ್ಟಡಗಳಲ್ಲಿ ಹೆಂಗಸರ ಬ್ಯಾಂಕ್, ಗ್ಯಾಸ್, ಮೇಲ್ ಎಲ್ಲಕ್ಕೂ ಯಜಮಾನರ ನಂಬರ್. ‘ಮನೆಗೆ ಒಂದು ಸಾಕಲ್ಲ’ ಎಂಬ ಸಮಜಾಯಿಷಿ. ಅಪರಿಚಿತ ಕಳ್ಳನನ್ನು ತಡೆಯಲು ಮಾಡಿದ ಉಪಾಯವನ್ನು ಮನೆಯ ಹೆಂಗಸನ್ನೇ ತಡೆಯಲು ಬಳಸುವುದು ಅನ್ಯಾಯ. ಅದನ್ನು ಕಾಳಜಿಯೆಂದು ಕರೆಯುವುದು ಇನ್ನೂ ದೊಡ್ಡ ಅನ್ಯಾಯ. ಆಕೆಗೆ ಬಂದ ಅವಕಾಶ ಆಕೆಗೇ ತಿಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಇವರಿಗೆ ಕೊಟ್ಟವರು ಯಾರು?

ವಸಂತಿ ಅಲ್ಲಿಗೇ ನಿಲ್ಲಿಸಲಿಲ್ಲ. ಸೆಟ್ಟಿಂಗ್ಸ್ ಎಲ್ಲಿದೆಯೆಂದು ಕೇಳಿ, ಗಂಡನ ನಂಬರ್ ಅಳಿಸಿ, ತನ್ನ ಗುಂಡಿಯೊತ್ತುವ ಹಳೆಯ ಫೋನಿನ ನಂಬರ್ ಹಾಕಿದರು. ಕೋಡ್ ಅದಕ್ಕೂ ಬಂತು! ಅಷ್ಟರಲ್ಲಿ ನನ್ನ ಫೋನಿಗೆ ಸುಧಾಕರರ ಕರೆ. ಸ್ಪೀಕರ್ ಹಾಕಿದೆ.

“ಎಂತ ಇತ್ತು ಸರ್?”

ಉತ್ತರಿಸಿದ್ದು ವಸಂತಿ: “ಇನ್ನು ಕೋಡ್ ನಿಮ್ಗೆ ಬರುದಿಲ್ಲ. ನನ್ನ ನಂಬರ್ ಹಾಕಿದ್ದೇನೆ.”

“ಯಾರನ್ನು ಕೇಳಿ?”

ಅಯ್ಯಾ ಸುಧಾಕರರೇ, ನೀವು ನಿಮ್ಮ ನಂಬರ್ ಹಾಕಿದ್ದು ಯಾರನ್ನು ಕೇಳಿ?