ಹರಕೆ ಟಗರಿನ ಹೇನು

ಗುಮ್ಮಘಟ್ಟದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದ ಮೇಲೆ ನಾನು ಗೆದ್ದ ಮೊದಲ ಜಗಳ ಹೇನಿನದು. ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ಮಗಳು ಹುಟ್ಟಿದಾಗ ಮಡಕಶಿರಾ ಕಡೆಯ ನನ್ನ ತವರಿನಿಂದ ಒಂದು ಕುರಿ ಉಡುಗೊರೆಯಾಗಿ ಬಂದಿತ್ತು. ಅದು ಬಂದ ಎರಡು ತಿಂಗಳಿಗೆ ಕುರಿ ಕೂಡಿಹಾಕುವ ರೊಪ್ಪದಲ್ಲಿ ಎಲ್ಲವೂ ಗೋಡೆಗೆ ಮೈ ಉಜ್ಜತೊಡಗಿದವು. ತುಪ್ಪಟ ಬಿಡಿಸಿ ನೋಡಿದರೆ ಬುಡದಲ್ಲಿ ಹೇನು ಗಿಜಿಗುಡುತ್ತಿದ್ದವು.

ಅತ್ತೆ ತಡಮಾಡದೆ ತೀರ್ಪು ಕೊಟ್ಟರು: "ನಿನ್ನ ತೌರುಮನಿ ಕುರೀನೇ ಈ ಹೇನು ತಂದಿದ್ದು. ನಿಮ್ಮಣ್ಣಗ ಫೋನ್ ಮಾಡು, ಹೊಡ್ಕೊಂಡು ಹೋಗ್ಲಿ."

ಮೈಯೆಲ್ಲ ಉರಿದುಹೋಯಿತು. ಆ ಮಾತು ನನ್ನ ಅಪ್ಪನ ಮನೆಗೇ ಅಂದಂತೆ ಕೇಳಿಸಿತು. ಆದರೂ ಫೋನ್ ಮಾಡಿದೆ. ಶೇಂಗಾ ಕೆಲಸ ಮುಗಿದ ಮೇಲೆ ಬರುತ್ತೇನೆಂದ ಅಣ್ಣ.

ಪಶು ಆಸ್ಪತ್ರೆಯಿಂದ ಔಷಧಿ ತಂದು, ನೀರಿಗೆ ಬೆರೆಸಿ ಕುರಿಗಳ ಮೈ ತೊಳೆದೆವು. ಸೀರು ಒಡೆದು ಮರಿಹೇನು ಬರುತ್ತವೆಂದು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ತೊಳೆದೆವು. ತಿಂಗಳೊಳಗೆ ಹೇನು ಮತ್ತೆ ಹಾಜರ್. ಅತ್ತೆ ನನ್ನ ಕುರಿಯತ್ತ ನೋಡಿದರು. ನಾನು ಮೂಲೆಯಲ್ಲಿ ಜಡೆಗಟ್ಟಿ ನಿಂತಿದ್ದ ಹರಕೆ ಟಗರಿನತ್ತ ನೋಡಿದೆ. ದೇವರಿಗೆ ಬಿಟ್ಟ ಟಗರಿಗೆ ಕತ್ತರಿ ಹಾಕುವಂತಿಲ್ಲ. ಅದೇ ಭಯಕ್ಕೆ ಔಷಧಿಯನ್ನೂ ಯಾರೂ ಹಾಕಿರಲಿಲ್ಲ. ಉಳಿದವನ್ನು ಚೊಕ್ಕಟ ಮಾಡಿ, ಸಂಜೆ ಅದರ ಪಕ್ಕದಲ್ಲೇ ಕೂಡಿಹಾಕುತ್ತಿದ್ದೆವು!

ಹೋಗಿ ಬೆರಳಿಟ್ಟು ಅದರ ಜಡೆ ಬಿಡಿಸಿದೆ. ಒಳಗೆ ಹೇನಿನ ಸಂತೆಯೇ ನೆರೆದಿತ್ತು.

"ಅದನ್ನ ಮುಟ್ಟಬ್ಯಾಡ, ದೇವ್ರದು!" ಅತ್ತೆ ಕೂಗಿದರು.

"ಹಂಗಾದ್ರೆ ದೇವ್ರಿಗೆ ಹೇನಿನ ಸಮೇತ ಒಪ್ಪುಸ್ತೀರೇನತ್ತೆ?"

ಅತ್ತೆ ಹತ್ತಿರ ಬಂದು, ನಾನು ಬಿಡಿಸಿದ್ದ ಜಡೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ಕತ್ತರಿ ಮಾತ್ರ ಸೋಕಿಸಬ್ಯಾಡ" ಎಂದರು. ಹೊಸ ಬಕೆಟ್ಟೇ ಆಗಬೇಕೆಂದರು, ಅದನ್ನೂ ತಂದುಕೊಟ್ಟೆ. ಅವರು ಟಗರಿನ ಹಣೆಗೆ ಅರಿಶಿನ ಹಚ್ಚಿ ಕೈಮುಗಿದರು. ನಾನು ಕೈಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು, ಬೈತಲೆ ತೆಗೆದಂತೆ ತುಪ್ಪಟ ಸೀಳಿ ಸೀಳಿ, ಔಷಧಿ ಚರ್ಮಕ್ಕೆ ಮುಟ್ಟುವ ಹಾಗೆ ಹುಯ್ದೆ. ಅದೇ ದಿನ ಉಳಿದ ಕುರಿಗಳಿಗೂ ಹಾಕಿದೆವು, ಹದಿನೈದು ದಿನಕ್ಕೆ ಎಲ್ಲಕ್ಕೂ ಮತ್ತೊಮ್ಮೆ.

ತಿಂಗಳಾಯಿತು, ಎರಡಾಯಿತು. ಅತ್ತೆ ಕನ್ನಡಕ ಏರಿಸಿಕೊಂಡು ಒಂದೊಂದೇ ಕುರಿಯ ಮೈ ತಡಕಿದರು. ಒಂದು ಹೇನೂ ಸಿಗಲಿಲ್ಲ. ನನಗೆ ಅಲ್ಲೇ ಕುಣಿಯಬೇಕೆನಿಸಿತು, ಸೆರಗು ಅಡ್ಡ ಹಿಡಿದು ನಕ್ಕೆ.

ಶೇಂಗಾ ಕೆಲಸ ಮುಗಿಸಿ ಆ ವಾರವೇ ಅಣ್ಣ ಟೆಂಪೋ ಮಾಡಿಕೊಂಡು ಬಂದ. ಬರಬೇಡವೆಂದು ನಾನು ಬೇಕೆಂದೇ ಹೇಳಿರಲಿಲ್ಲ. ಆ ಮಾತು ಅತ್ತೆಯ ಬಾಯಿಂದಲೇ ಬರಬೇಕಿತ್ತು. ಅಣ್ಣ ಮುಖ ಸಣ್ಣದು ಮಾಡಿಕೊಂಡು ಕುರಿಯ ಹಗ್ಗ ಬಿಚ್ಚಿದ. ಅತ್ತೆ ದಡದಡನೆ ಹೋಗಿ ಅದನ್ನು ಕಿತ್ತುಕೊಂಡರು.

"ಬಿಡಪ್ಪ, ಇದು ನಮ್ಮ ಮನಿ ಕುರಿ. ನೀನು ಕೈಕಾಲು ತೊಳ್ಕೊಂಡು ಉಣ್ಣಾಕ ಬಾ."