ಪಾಚಿಯಕ್ಕನ ಕೊಳ ಉಸಿರು ಕಟ್ಟುವ ಹೊತ್ತು

ಇನ್ನೂ ಬೆಳಕು ಹರಿದಿಲ್ಲ. ಪಾಚಿಯಕ್ಕ ಮೀನುಕೊಳದ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ನೀರಿಗೆ ಟಾರ್ಚ್ ಬಿಡುತ್ತಾರೆ. ಅವರು ಹುಡುಕುವುದು ಮೀನನ್ನಲ್ಲ, ಮೀನಿನ ಬಾಯನ್ನು. ಬಾಯಿ ನೀರಿನ ಮೇಲೆ ಕಂಡರೆ ಕೆಳಗೆ ಉಸಿರು ಸಾಲುತ್ತಿಲ್ಲ ಎಂದರ್ಥ. ಇವತ್ತು ಒಂದು ಮೂಲೆಯ ತುಂಬ ಬಾಯಿಗಳೇ.

ಕೊಳದ ಹಸಿರು ಬಣ್ಣ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಪಾಚಿಯದು. ಬಿಸಿಲಿದ್ದಾಗ ಅದೇ ಆಮ್ಲಜನಕ ಮಾಡಿ ನೀರಿಗೆ ಬಿಡುತ್ತದೆ. ಕತ್ತಲಾದರೆ ಮಾಡುವುದು ನಿಂತು, ಬಳಸುವುದು ಮಾತ್ರ ಉಳಿಯುತ್ತದೆ. "ನಮ್ಮನೆಯವರ ಹಾಗೇನೇ," ಎನ್ನುತ್ತಾರೆ ಪಾಚಿಯಕ್ಕ. "ಹಗಲೆಲ್ಲ ದುಡಿದು ತರ್ತಾರೆ, ರಾತ್ರಿ ಎಲ್ಲರಿಗಿಂತ ಮೊದಲು ತಟ್ಟೆ ಹಾಕ್ಕೊಂಡು ಕೂರ್ತಾರೆ." ಹಾಗಾಗಿ ಬೆಳಗಿನ ಜಾವಕ್ಕೆ ಕೊಳದ ಮಡಕೆಯಲ್ಲಿ ತಳದ ಅಗುಳಷ್ಟೇ.

ಕೊಳ ಗುತ್ತಿಗೆಯದು. ಪಾಚಿಯಕ್ಕನೂ ನಾದಿನಿಯೂ ಸೇರಿ ನೋಡಿಕೊಳ್ಳುತ್ತಾರೆ. ಈ ಸಲದ ಮೀನು ಸತ್ತರೆ ಮುಂದಿನ ವರ್ಷ ಕೊಳ ಬೇರೆಯವರ ಪಾಲು. ಹಸಿರು ಹೆಚ್ಚಿದಷ್ಟೂ ಉಸಿರು ಹೆಚ್ಚು ಎಂದು ನಂಬಿ ನಾದಿನಿ ಹೋದ ವಾರ ಎರಡು ಪಾಲು ಗೊಬ್ಬರ ಸುರಿದಿದ್ದಳು. ಪಾಚಿ ಹೆಚ್ಚಿ ನೀರು ಗಿಣಿಯ ರೆಕ್ಕೆಯಂತೆ ಹಸಿರಾಯಿತು. ಅದರ ಮೇಲೆ ಮೂರು ದಿನ ಮೋಡ. ಮಾಡುವವರಿಗೆ ಬಿಸಿಲಿಲ್ಲ, ಉಣ್ಣುವವರು ಮಾತ್ರ ಇಮ್ಮಡಿ.

"ಗಿಡ ಗಾಳಿ ಕೊಡುತ್ತೆ ಅಂತ ಶಾಲೆಯಲ್ಲಿ ಹೇಳಿದ್ದು ಸುಳ್ಳಾ ಅತ್ತಿಗೆ?" ನಾದಿನಿ ಕೇಳುತ್ತಾಳೆ.

"ಸುಳ್ಳಲ್ಲ ಕಣೇ, ಅರ್ಧ ನಿಜ. ಬಕೆಟ್ ತಗೋ."

ನೀರು ಚಿಮ್ಮಿಸಿ ಗಾಳಿ ಬೆರೆಸುವ ಚಕ್ರವೊಂದು ಕೊಳದಲ್ಲಿದೆ. ಮಳೆ ಶುರುವಾದಾಗಿನಿಂದ ನಿಂತಿದ್ದ ಅದು ಈಗ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ತಿರುಗುತ್ತಿಲ್ಲ. ಮೀನಿಗೆ ಸಿಗಬೇಕಾದ ಆಮ್ಲಜನಕ ಕಬ್ಬಿಣ ಸೇರಿ ತುಕ್ಕಾಗಿ ಕೂತಿದೆ. ನೀರು ಆಗಿರುವುದೂ ಆಮ್ಲಜನಕ ಸೇರಿಯೇ, ಆದರೆ ಅದು ಜಲಜನಕದ ಜೊತೆ ಬಿದ್ದ, ಮೀನಿಗೆ ಬಿಚ್ಚಲಾಗದ ಗಂಟು. ಮೀನಿಗೆ ಬೇಕಾದದ್ದು ನೀರಲ್ಲಿ ಕರಗಿ ಬಿಡಿಯಾಗಿರುವ ಪಾಲು. ಪಾಚಿಯಕ್ಕ ಸೊಂಟದವರೆಗೆ ಇಳಿದು ಸುತ್ತಿಗೆಯಿಂದ ಅಚ್ಚಿಗೆ ಬಡಿಯುತ್ತಾರೆ. ನಾದಿನಿ ಮೂಲೆಯಲ್ಲಿ ನಿಂತು ನೀರು ಮೊಗೆದು ಎತ್ತರದಿಂದ ಸುರಿಯುತ್ತಾಳೆ. ಕೈ ಸೋತರೂ ನಿಲ್ಲಿಸುವುದಿಲ್ಲ. ಕಡೆಗೊಮ್ಮೆ ಚಕ್ರ ಕಿರ್ರೆಂದು ಮಿಸುಕಿ, ಮೋಟಾರು ಹಿಡಿದು, ಕೊಳದ ತುಂಬ ನೊರೆ ಎಬ್ಬಿಸುತ್ತದೆ.

ಮೀನುಗಾರಿಕೆ ಇಲಾಖೆಯ ಮೇಡಂ ಒಮ್ಮೆ ಬಂದವರು ಹೇಳಿದ್ದರಂತೆ, ಭೂಮಿಯಲ್ಲಿ ಹುಟ್ಟುವ ಆಮ್ಲಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಸಮುದ್ರದ ಇಂಥದೇ ಸಣ್ಣ ಜೀವಿಗಳದು, ಕಾಡಿಗಿಂತ ಮೊದಲೇ ಗಾಳಿಗೆ ಉಸಿರು ತುಂಬಿದವರ ವಂಶ ಎಂದು. ಅಂದಿನಿಂದ ಪಾಚಿಯಕ್ಕ ಊರವರು ಇಟ್ಟ ಈ ಅಡ್ಡಹೆಸರಿಗೆ ಸಿಟ್ಟಾಗುವುದು ಬಿಟ್ಟಿದ್ದಾರೆ.

ಮೋಡ ಬಿರಿದು ಬಿಸಿಲು ನೀರಿಗೆ ಬೀಳುತ್ತದೆ. ಬಾಯಿಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಅಂಚಿನಲ್ಲಿ ಕೆಲವು ಮೀನು ಹೊಟ್ಟೆ ಮೇಲಾಗಿ ತೇಲುತ್ತಿವೆ, ಉಳಿದವು ಉಳಿದಿವೆ. ನಾಳೆಯಿಂದ ಜಾವಕ್ಕೆ ತಾನೇ ಬರುತ್ತೇನೆ, ಅತ್ತಿಗೆ ಮಲಗಲಿ ಎನ್ನುತ್ತಾಳೆ ನಾದಿನಿ. ಸೂರ್ಯ ಹುಟ್ಟಿದ ಮೇಲೆ ಏಳಬೇಕೆಂಬುದು ಪಾಚಿಯಕ್ಕನ ಬಹುದಿನದ ಆಸೆ. ಆದರೂ ಸೀರೆ ಹಿಂಡುತ್ತ ಕೊಳವನ್ನೇ ನೋಡುತ್ತಾರೆ. ಮೇಲೆ ಒಂದು ಬಾಯಿಯೂ ಇಲ್ಲ.

"ನಮ್ಮ ಕೆಲಸ ಸರಿಯಾಗಿದ್ರೆ," ಎನ್ನುತ್ತಾರೆ, "ನೋಡೋಕೆ ಏನೂ ಇರಲ್ಲ."